ಮುಚ್ಚಳ ಮೇಷ್ಟ್ರು

ನನ್ನ ಚಿಕ್ಕಪ್ಪನನ್ನು ಹೆಸರು ಹಿಡಿದು ಕೂಗಿದವರನ್ನು ನಾನು ಕಂಡಿಲ್ಲ. ಬೀದಿಗೆಲ್ಲ ಅವನು ಮುಚ್ಚಳ ಮೇಷ್ಟ್ರು. ಮೇಷ್ಟ್ರು ಯಾಕೆಂದರೆ, ರಿಪೇರಿಗೆ ಬಂದ ಗಾಡಿಯನ್ನು ಅದರ ಯಜಮಾನನಿಗೆ ಒಂದು ಪಾಠ ಹೇಳದೆ ಅವನು ವಾಪಸ್ ಕೊಟ್ಟದ್ದೇ ಇಲ್ಲ. ಮುಚ್ಚಳ ಯಾಕೆ ಅನ್ನುವುದಕ್ಕೆ ಬೇಕರಿಯವನ ಕತೆ ಹೇಳಬೇಕು.

ಬೇಕರಿಯವನ ಹಳೇ ವ್ಯಾನು ಬೆಳಿಗ್ಗೆ ಸೊಗಸಾಗಿ ಹೊರಡುತ್ತಿತ್ತು. ಊರ ಹೊರಗೆ ಬಂದದ್ದೇ ತಡ, ಮಿಸ್ ಹೊಡೆಯುತ್ತಿತ್ತು. ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಒಬ್ಬ ಮೆಕ್ಯಾನಿಕ್ ಪಂಪು ಬದಲಾಯಿಸಿದ, ಇನ್ನೊಬ್ಬ ಇಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬೊರೇಟರನ್ನೇ ಬದಲಾಯಿಸಿದ. ವ್ಯಾನು ತನ್ನ ಹಟ ಬಿಡಲಿಲ್ಲ. ಕೊನೆಗೆ ಚಿಕ್ಕಪ್ಪನ ಹತ್ತಿರ ಬಂದಾಗ ಅವನು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಉಸ್ ಅಂತ ಗಾಳಿ ಒಳಗೆ ನುಗ್ಗಿತು. ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಒಂದು ತೂತು ಇರುತ್ತದೆ. ಅದರಲ್ಲಿ ಹಿಟ್ಟು, ಧೂಳು ಕೂತು ಕಲ್ಲಾಗಿತ್ತು. ಪಿನ್ನು ಹಾಕಿ ಬಿಡಿಸಿದ, ಅಷ್ಟೇ.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಸುರಿಯುತ್ತಾ?" ಅಂತ ಪಾಠ ಶುರುಮಾಡಿದ.

"ಇಲ್ಲ ಮೇಷ್ಟ್ರೇ, ಗುಳುಕ್ ಗುಳುಕ್ ಅನ್ನುತ್ತೆ. ಇನ್ನೊಂದು ತೂತು ಹೊಡೀಬೇಕು."

"ಟ್ಯಾಂಕೂ ಅಷ್ಟೇ. ಪೆಟ್ರೋಲ್ ಎಷ್ಟು ಹೊರಗೆ ಹೋಗುತ್ತೋ ಅಷ್ಟು ಗಾಳಿ ಒಳಗೆ ಬರಬೇಕು. ಬರಲಿಲ್ಲ ಅಂದ್ರೆ ಪಂಪು ಎಷ್ಟೇ ಎಳೆದ್ರೂ ಪೆಟ್ರೋಲ್ ಜಗ್ಗಲ್ಲ. ನಿಂತಾಗ ಸಂದಿಯಿಂದ ನಿಧಾನಕ್ಕೆ ಗಾಳಿ ಸೇರ್ಕೊಳ್ಳುತ್ತೆ, ಆಗ ಮತ್ತೆ ಓಡುತ್ತೆ. ಕೆಮ್ಮೋ ಗಾಡಿಗೆ ಮೊದಲು ಬೆನ್ನು ನೋಡು, ಆಮೇಲೆ ಮುಖ. ಮೊದಲು ಮುಚ್ಚಳ."

ಬೇಕರಿಯವನು ಊರೆಲ್ಲ ಹೇಳಿಕೊಂಡು ಬಂದ. ಅವತ್ತಿನಿಂದ ಚಿಕ್ಕಪ್ಪ ಮುಚ್ಚಳ ಮೇಷ್ಟ್ರು. ಅವನಿಗೂ ಒಳಗೊಳಗೆ ಆ ಹೆಸರು ಇಷ್ಟವಿತ್ತು. ಯಾವ ಗಾಡಿ ಬರಲಿ, ಟ್ಯಾಂಕಿನ ಮುಚ್ಚಳದಿಂದ ಶುರುಮಾಡಿ, ಪೈಪು, ಫಿಲ್ಟರ್, ಪಂಪು ಅಂತ ಪೆಟ್ರೋಲ್ ಹೋಗುವ ದಾರಿಯಲ್ಲೇ ತಾನೂ ಹೋಗಿ, ಕಾರ್ಬೊರೇಟರಿಗೆ ಕೊನೆಗೆ ಕೈ ಹಾಕುತ್ತಿದ್ದ. ಈ ಕ್ರಮ ತಪ್ಪಿದ್ದನ್ನು ನಾನು ಚಿಕ್ಕಂದಿನಿಂದ ನೋಡಿರಲಿಲ್ಲ.

ನಮ್ಮದು ಎರಡಂತಸ್ತಿನ ಮನೆ. ಕೆಳಗೆ ಗ್ಯಾರೇಜು, ಮೇಲೆ ನಾವು: ಅಪ್ಪ, ಅಮ್ಮ, ನಾನು, ಅಜ್ಜಿ, ಚಿಕ್ಕಪ್ಪ. ಗ್ಯಾರೇಜು ಕಟ್ಟಿದವನು, ಅದರಲ್ಲಿ ಈಗಲೂ ನಿಂತಿರುವ ಹಳೇ ಕಾರು ಕೊಂಡವನು ಅಜ್ಜ. ಅವನು ಹೋದಮೇಲೆ ಸ್ಪ್ಯಾನರುಗಳ ಜೊತೆ ಅಜ್ಜಿಯೂ ಚಿಕ್ಕಪ್ಪನ ಪಾಲಿಗೆ ಬಂದಳು ಅಂತ ನನ್ನಮ್ಮ ಹೇಳುವುದುಂಟು. ತಮಾಷೆಗೆ ಹೇಳಿದರೂ ಸುಳ್ಳಲ್ಲ. ಅಪ್ಪ ಆಫೀಸು ಸೇರಿ, ಮದುವೆಯಾಗಿ, ನಿವೃತ್ತಿಯೂ ಆದ. ಚಿಕ್ಕಪ್ಪ ಶಟರಿನೊಳಗೇ ಉಳಿದ. ಮದುವೆಯ ಮಾತು ಬಂದಾಗಲೆಲ್ಲ ಅಜ್ಜಿ ಬೇಡ ಅನ್ನುತ್ತಿರಲಿಲ್ಲ, ಆದರೆ ಆ ವಾರ ಅವಳಿಗೆ ತಲೆಸುತ್ತು ಬರುತ್ತಿತ್ತು. ತಲೆಸುತ್ತು ನಿಜವಾದದ್ದೇ, ನಾನು ಕೈಹಿಡಿದು ಮಲಗಿಸಿದ್ದೇನೆ. ಆದರೂ ಹೇಳುತ್ತೇನೆ, ಅದಕ್ಕೆ ಕ್ಯಾಲೆಂಡರ್ ಚೆನ್ನಾಗಿ ಗೊತ್ತಿತ್ತು.

ಅಜ್ಜಿ ಮೊಣಕಾಲು ನೋವಿನಿಂದ ಮೆಟ್ಟಿಲಿಳಿಯುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಗ್ಯಾರೇಜಿನ ನೆತ್ತಿಯ ಮೇಲಿರುವ ಕಿಟಕಿಯ ಹತ್ತಿರ ಅವಳ ಮಂಚ. ಇಡೀ ದಿನ ಅಲ್ಲಿ ಕೂತು ಕೆಳಗಿನ ಸದ್ದು ಕೇಳುವುದೇ ಅವಳ ಕೆಲಸ. ಅಜ್ಜ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವಾಗ ದೀಪ ಹಿಡಿದು ನಿಂತವಳು ಅವಳೇ, ಹಾಗಾಗಿ ಯಾವ ಸದ್ದು ಯಾವುದು ಅಂತ ಅವಳಿಗೆ ಗೊತ್ತು. "ಆ ನಟ್ಟು ಬಿಗಿಯಾಯ್ತು, ಬಿಡೋ" ಅಂತ ಮೇಲಿನಿಂದಲೇ ಕೂಗುತ್ತಿದ್ದಳು. ಕೆಳಗೆ ಸದ್ದು ನಿಂತರೆ ಇವಳ ಮುಖ ಕಪ್ಪಿಡುತ್ತಿತ್ತು. ಸಂಜೆ ಕೆಲಸ ಮುಗಿಸಿ ಚಿಕ್ಕಪ್ಪ, "ಅಮ್ಮಾ, ಸಾಬೂನು!" ಅಂತ ಕೂಗುತ್ತಿದ್ದ. ಅಜ್ಜಿ ಬಟ್ಟೆ ಒಗೆಯುವ ಹಳದಿ ಸಾಬೂನಿನ ತುಂಡನ್ನು ಪುಟ್ಟ ಬುಟ್ಟಿಯಲ್ಲಿಟ್ಟು, ಹಗ್ಗದಲ್ಲಿ ಕಿಟಕಿಯಿಂದ ಇಳಿಬಿಡುತ್ತಿದ್ದಳು. ಕೆಳಗೇ ಒಂದು ಸಾಬೂನು ಇಟ್ಟುಕೊಂಡರೆ ಗಂಟೇನು ಹೋಗುತ್ತೆ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ಮರುದಿನ ಸಂಜೆ ಮತ್ತೆ ಅದೇ ಕೂಗು, ಅದೇ ಬುಟ್ಟಿ.

ಹೊಸ ಗಾಡಿಗಳೆಲ್ಲ ಕಂಪ್ಯೂಟರಿನವು. ಅವು ನಮ್ಮ ಶಟರಿನ ಮುಂದೆ ನಿಲ್ಲುವುದೂ ಇಲ್ಲ. ಹಳೇ ಕಾರಿಟ್ಟುಕೊಂಡ ನಾಲ್ಕು ಹಟಮಾರಿಗಳು ಮಾತ್ರ ಬರುತ್ತಿದ್ದರು. ಅವರಲ್ಲೊಬ್ಬರು ಗುಡ್ಡದಾಚೆಯ ಊರಿನಲ್ಲಿ ಮೋಟಾರು ತರಬೇತಿ ಶಾಲೆ ನಡೆಸುವ ಪ್ರಿನ್ಸಿಪಾಲರು. ಒಂದು ದಿನ ಚಿಕ್ಕಪ್ಪ ಅವರ ಕಾರಿನ ಬಗ್ಗೆ ಪಾಠ ಮಾಡುತ್ತಿದ್ದಾಗ ಅವರು ನಡುವೆ ತಡೆದು, "ಮೇಷ್ಟ್ರೇ, ಇದನ್ನ ನನ್ನೊಬ್ಬನಿಗೆ ಹೇಳಿ ಏನು ಪ್ರಯೋಜನ? ಬಂದು ನಮ್ಮ ಹುಡುಗರಿಗೆ ಹೇಳಿ" ಅಂದರು. ಹಳೇ ಇಂಜಿನ್‌ಗಳಿಗೆಂದೇ ಶಾಲೆಯಲ್ಲಿ ಒಂದು ಕೊಠಡಿ ತೆರೆಯುತ್ತಿದ್ದರು. ಅಲ್ಲೇ ಇರಲು ರೂಮು ಕೊಡುತ್ತಾರಂತೆ. "ನಿಮ್ಮ ತಂದೆಯವರ ಕಾರನ್ನೂ ತನ್ನಿ. ಅದರ ಮೇಲೇ ಪಾಠ ಮಾಡಿ. ಮುಂದಿನ ತಿಂಗಳ ಮೊದಲ ಸೋಮವಾರ ಹೊಸ ತಂಡ ಶುರು. ಅದಕ್ಕಿಂತ ಮುಂಚೆ ಒಂದು ಭಾನುವಾರ ಬಂದ್ಬಿಡಿ. ಬರಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಆ ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ವಿಷಯ ಹೇಳಿದ. ಐವತ್ತು ದಾಟಿದವನ ಮುಖದಲ್ಲಿ ಆ ಹೊಳಪು ನಾನು ಮೊದಲು ಕಂಡಿರಲಿಲ್ಲ. ಅಪ್ಪ, "ಹೋಗೋ, ಅಮ್ಮನ್ನ ನೋಡ್ಕೊಳೋಕೆ ನಾವಿಲ್ವಾ?" ಅಂದ. ಬಾಯಿಮಾತಿಗಲ್ಲ, ಮನಸ್ಸಿನಿಂದಲೇ ಅಂದ. ಅಜ್ಜಿ ತಟ್ಟೆ ನೋಡುತ್ತಲೇ, "ಹೋಗಲಿ, ಒಳ್ಳೇದಾಗ್ಲಿ. ಯಾರು ಬೇಡ ಅಂದ್ರು?" ಅಂದಳು. ನನಗೆ ಆ ಮಾತು ಹಿಡಿಸಲಿಲ್ಲ. ನಾನು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟು. ಯಾರು ಬೇಡ ಅಂದ್ರು ಅಂತ ಶುರುವಾಗುವ ಹೇಳಿಕೆಗಳನ್ನು ಸಾಕಷ್ಟು ಟೈಪು ಮಾಡಿದ್ದೇನೆ.

ಮೊದಲ ಭಾನುವಾರ ಚಿಕ್ಕಪ್ಪ ಅಜ್ಜನ ಕಾರನ್ನು ತೊಳೆದು, ಉಪಕರಣದ ಪೆಟ್ಟಿಗೆ ಡಿಕ್ಕಿಯಲ್ಲಿಟ್ಟು, ಟ್ಯಾಂಕು ತುಂಬಿಸಿಕೊಂಡು ಹೊರಟ. ಮಧ್ಯಾಹ್ನದ ಹೊತ್ತಿಗೆ ಅದೇ ಕಾರು ಅದೇ ಚಿಕ್ಕಪ್ಪನೊಂದಿಗೆ ವಾಪಸ್ ಬಂತು. ಗುಡ್ಡದ ಏರಿನಲ್ಲಿ, ಕಲ್ಲುಕ್ವಾರಿಯ ತಿರುವು ಬರುತ್ತಿದ್ದಂತೆ ಮಿಸ್ ಹೊಡೆಯಲು ಶುರುವಾಯಿತಂತೆ. ಆಕ್ಸಿಲರೇಟರ್ ಒತ್ತಿದಷ್ಟೂ ಬಿಕ್ಕಿತಂತೆ, ಆಮೇಲೆ ನಿಂತೇಹೋಯಿತಂತೆ. "ಪೆಟ್ರೋಲ್ ಸರಿಯಾಗಿ ಬರ್ತಿಲ್ಲ" ಅಂದ. ಅಜ್ಜಿ ಕಿಟಕಿಯಿಂದಲೇ, "ಮೊದಲು ಮುಖ ತೊಳ್ಕೊ, ಊಟ ಮಾಡು" ಅಂದಳು. ಅವತ್ತು ಅವಳು ಎರಡು ತುತ್ತು ಹೆಚ್ಚೇ ತಿಂದಳು.

ಬೀದಿಗೆ ಇದಕ್ಕಿಂತ ಮಜಾ ಬೇಕಾ? ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ. ಬೇಕರಿಯವನು ದಿನಾ ಬಂದು, "ಏನ್ ಮೇಷ್ಟ್ರೇ, ನಿಮ್ಮ ಗಾಡಿಗೆ ಮೇಷ್ಟ್ರು ಬೇಕಾ?" ಅಂತ ಕೆಣಕುತ್ತಿದ್ದ. ಚಿಕ್ಕಪ್ಪ ನಗುತ್ತಿದ್ದ. ಆ ವಾರವಿಡೀ ಕಾರ್ಬೊರೇಟರ್ ಬಿಚ್ಚಿ ಅದರ ಸಣ್ಣ ತೂತಿನ ಜೆಟ್ಟುಗಳನ್ನು ಊದಿ ಊದಿ ಕೂಡಿಸಿದ. ಎರಡನೇ ಭಾನುವಾರ ಹೋದ. ಕ್ವಾರಿ ತಿರುವಿನಿಂದ ವಾಪಸ್ ಬಂದ. ಮುಂದಿನ ವಾರ ಪಂಪು ಬಿಚ್ಚಿ ಅದರೊಳಗಿನ ರಬ್ಬರ್ ಹಾಳೆ ಬದಲಾಯಿಸಿದ. ಪ್ರಿನ್ಸಿಪಾಲರ ಫೋನು ಬಂದಾಗಲೆಲ್ಲ, "ಗಾಡಿ ಸ್ವಲ್ಪ ತೊಂದರೆ ಕೊಡ್ತಿದೆ ಸರ್, ಸರಿಮಾಡ್ಕೊಂಡು ಬಂದ್ಬಿಡ್ತೀನಿ" ಅನ್ನುತ್ತಿದ್ದ.

"ಬಸ್ಸಿಗೆ ಹೋಗೋಕೇನು ನಿಂಗೆ?" ಅಂದೆ ನಾನು.

"ಗಾಡಿ ರಿಪೇರಿ ಕಲಿಸೋಕೆ ಬಂದವನು, ನನ್ನ ಗಾಡಿ ಕೆಟ್ಟಿದೆ ಅಂತ ಬಸ್ಸಿಳಿದ್ರೆ ಏನು ಮರ್ಯಾದೆ ಪುಟ್ಟಿ?"

ಮಾತು ಸರಿಯೇ ಇತ್ತು. ಆದರೆ ಎರಡು ವಿಷಯ ನನ್ನ ತಲೆ ಕೊರೆಯುತ್ತಿದ್ದವು. ಒಂದು, ಹೋಗುವಾಗ ಸಾಯುವ ಗಾಡಿ ಬರುವಾಗ ಒಂದು ಕೆಮ್ಮೂ ಇಲ್ಲದೆ ಬರುತ್ತಿತ್ತು. ಇನ್ನೊಂದು, ಚಿಕ್ಕಪ್ಪ ಈ ಸಲ ಮುಖದಿಂದ ಶುರುಮಾಡಿದ್ದ. ಕಾರ್ಬೊರೇಟರ್, ಆಮೇಲೆ ಪಂಪು. ಮುಚ್ಚಳದ ಹತ್ತಿರ ಅವನು ಸುಳಿದದ್ದನ್ನೇ ನಾನು ನೋಡಲಿಲ್ಲ. ಜನ್ಮವಿಡೀ ಬಲಗಾಲು ಮುಂದಿಟ್ಟು ಮನೆ ಬಿಟ್ಟವನು ಇದ್ದಕ್ಕಿದ್ದಂತೆ ಹಿಮ್ಮುಖ ನಡೆದರೆ ಗಮನಿಸದೆ ಇರಲಾಗುತ್ತದೆಯೇ?

ಮೂರನೇ ಭಾನುವಾರ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಚಿಕ್ಕಪ್ಪ ಬೇಡ ಅಂದ, ನಾನು ಕೇಳಲಿಲ್ಲ. ಊರು ದಾಟಿದೆವು, ಇಟ್ಟಿಗೆ ಗೂಡು ದಾಟಿದೆವು. ಇಂಜಿನ್ ಚೆನ್ನಾಗಿತ್ತು. ಏರು ಶುರುವಾಯಿತು. ಕ್ವಾರಿ ಕಾಣುತ್ತಿದ್ದಂತೆ ಕಾರು ಒಮ್ಮೆ ಮುಗ್ಗರಿಸಿತು. ಆಮೇಲೆ ಮತ್ತೊಮ್ಮೆ. ಚಿಕ್ಕಪ್ಪ ಗಾಬರಿಯಾಗಲೇ ಇಲ್ಲ. ಕಾಯುತ್ತಿದ್ದವನ ಹಾಗೆ ಕಾರನ್ನು ಎಡಕ್ಕೆ ತಂದು, ಒಂದು ಹುಣಸೇಮರದ ಕೆಳಗೆ ನಿಲ್ಲಿಸಿದ. ನೆಲದ ಮೇಲೆ ಹಿಂದಿನ ಸಲದ ಟೈರಿನ ಗುರುತು ಇತ್ತು. ಬಾನೆಟ್ ಎತ್ತಿ ಅದೂ ಇದೂ ಮುಟ್ಟಿದ. ಆಮೇಲೆ, "ಪೆಟ್ರೋಲ್ ಎಷ್ಟಿದೆ ನೋಡ್ತೀನಿ" ಅಂತ ಹಿಂದೆ ಹೋದ. ಹೊರಡುವಾಗ ತಾನೇ ತುಂಬಿಸಿದ ಟ್ಯಾಂಕು! ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

ಉಸ್ ಅಂತು.

ಬೇಕರಿಯವನ ವ್ಯಾನು ಅಂದದ್ದೂ ಅದನ್ನೇ. ಚಿಕ್ಕಪ್ಪ ಮುಚ್ಚಳವನ್ನು ಮತ್ತೆ ಹಾಕಿ, ಬಂದು ಕೂತು, ಕೀಲಿ ತಿರುಗಿಸಿದ. ಕಾರು ತಕ್ಷಣ ಸ್ಟಾರ್ಟಾಯಿತು. "ಯಾಕೋ ಇವತ್ತೂ ಆಗಲ್ಲ ಅನ್ಸುತ್ತೆ" ಅಂತ ಹೇಳಿ ಮನೆ ಕಡೆ ತಿರುಗಿಸಿದ. ಈಗ ಲೆಕ್ಕ ಸರಿಹೋಯಿತು. ಮುಚ್ಚಳ ತೆಗೆದು ಗಾಳಿ ಬಿಟ್ಟರೆ ತಿರುವಿನಿಂದ ಮನೆಯವರೆಗೂ ಗಾಡಿ ಆರಾಮಾಗಿ ಬರುತ್ತದೆ, ಮನೆಯಿಂದ ತಿರುವಿನವರೆಗೆ ಹೋದ ಹಾಗೆಯೇ. ನಾನು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಬೈಗುಳವೇ ಬರುತ್ತಿತ್ತು.

ಅವನು ಟೀ ಕುಡಿಯಲು ಹೋದಾಗ ನಾನು ಮುಚ್ಚಳ ತಿರುಗಿಸಿ ಬೆಳಕಿಗೆ ಹಿಡಿದೆ. ತೂತಿನಲ್ಲಿ ಹಳದಿ ಸಾಬೂನು ತುಂಬಿತ್ತು. ಮೇಲಿಂದ ಒತ್ತಿ ನಯಮಾಡಿದ ಗುರುತು, ಎರಡು ಸಣ್ಣ ಗೆರೆ ಜೊತೆಜೊತೆಯಾಗಿ. ಹೇರ್‌ಪಿನ್ನಿನ ಎರಡು ಕಾಲು. ನಮ್ಮನೆಯಲ್ಲಿ ಹೇರ್‌ಪಿನ್ನು ಹಾಕುವವಳು ಅಜ್ಜಿ ಒಬ್ಬಳೇ. ಪೆಟ್ರೋಲಿಗೆ ಸಾಬೂನು ಕರಗುವುದಿಲ್ಲ ಅನ್ನುವುದು ಗ್ಯಾರೇಜಿನವರಿಗೆ ಗೊತ್ತು. ಟ್ಯಾಂಕು ಸೋರಿದರೆ ದಾರಿಯಲ್ಲಿ ಸಾಬೂನು ಮೆತ್ತಿಕೊಂಡು ಬರುವುದು ಹಳೇ ಉಪಾಯ. ಅಜ್ಜ ಅಜ್ಜಿಗೆ ಕಲಿಸಿದ್ದು ದೀಪ ಹಿಡಿಯುವುದನ್ನಷ್ಟೇ ಅಲ್ಲ.

ಎಂಥ ಲೆಕ್ಕಾಚಾರ! ಬ್ರೇಕಿಗೆ ಕೈ ಹಾಕಲಿಲ್ಲ, ಟೈರು ಚುಚ್ಚಲಿಲ್ಲ. ಮಗನಿಗೆ ಒಂದು ಗೀರೂ ಬೀಳಬಾರದು, ಗುಡ್ಡವನ್ನೂ ದಾಟಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಪದಲ್ಲೂ ನನಗೆ ನಗು ಬಂತು. ಆಮೇಲೆ ನೆನಪಾಯಿತು, ಅಜ್ಜಿಯ ಕೈಚಳಕ ಅರ್ಧ ಮಾತ್ರ. ಉಳಿದರ್ಧ ಟೀ ಕುಡಿಯಲು ಹೋಗಿತ್ತು.

"ನಿಂಗೆ ಯಾವಾಗಿಂದ ಗೊತ್ತು?" ಚಿಕ್ಕಪ್ಪ ಬಂದಾಗ ಮುಚ್ಚಳವನ್ನು ಅವನ ಮುಂದೆ ಹಿಡಿದೆ.

ಅವನು ಮೊದಲು ಮೇಲೆ ಕಿಟಕಿ ನೋಡಿದ. ನನ್ನನ್ನು ಗ್ಯಾರೇಜಿನ ಒಳಮೂಲೆಗೆ ಕರೆದುಕೊಂಡು ಹೋದ. "ಮೊದಲನೇ ದಿನಾನೇ" ಅಂದ. "ನಿಂತ ತಕ್ಷಣ ಮುಚ್ಚಳಾನೇ ತಾನೇ ನಾನು ನೋಡೋದು?"

"ಮತ್ತೆ ಯಾಕೆ ತೆಗೀಲಿಲ್ಲ?"

"ತೆಗೆದ್ರೆ ಗಾಡಿ ನಿಲ್ಲಲ್ಲ. ನಿಲ್ಲದೆ ಹೋದ್ರೆ, ನಂಗೆ ಗೊತ್ತಾಯ್ತು ಅಂತ ಅಮ್ಮನಿಗೆ ಗೊತ್ತಾಗುತ್ತೆ. ಆಮೇಲೆ ನಾವಿಬ್ರೂ ಒಂದೇ ಮನೇಲಿ ಮುಖ ಎತ್ತಿ ಕೂರೋದು ಹೇಗೆ?"

"ಅದಕ್ಕೆ ಪಂಪು ಬಿಚ್ಚಿದ್ಯಾ? ಕಾರ್ಬೊರೇಟರ್ ಊದಿದ್ಯಾ?"

"ಸದ್ದು ಕೇಳ್ತಾ ಇರ್ತಾಳಲ್ಲ" ಅಂದ. "ಹುಡುಕ್ತಾ ಇದೀನಿ ಅಂತ ಅವಳಿಗೆ ಅನ್ನಿಸ್ಬೇಕಲ್ಲ ಪುಟ್ಟಿ."

ಮುಚ್ಚಳವನ್ನು ಅವನ ಕೈಗೆ ತುರುಕಿದೆ. ಕೋಪವೋ ಅಳುವೋ ನನಗೇ ತಿಳಿಯಲಿಲ್ಲ. ಕೆಳಗೆ ಮಗ ಇಲ್ಲದ ರೋಗಕ್ಕೆ ಔಷಧಿ ಹುಡುಕುತ್ತಿದ್ದಾನೆ, ಮೇಲೆ ತಾಯಿ ತಾನೇ ಬರಿಸಿದ ರೋಗಕ್ಕೆ ಅಯ್ಯೋ ಪಾಪ ಅನ್ನುತ್ತಿದ್ದಾಳೆ. "ಅಜ್ಜಿಗೆ ಹೇಳ್ಬೇಡ, ನನ್ನಾಣೆ" ಅಂದ ಚಿಕ್ಕಪ್ಪ. ಹೇಳಲಿಲ್ಲ. ಆ ವಾರ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡೇ ಆಫೀಸಿಗೆ ಹೋಗಿ ಬಂದೆ. ಟೈಪು ಮಾಡಿದ್ದರಲ್ಲಿ ಎಷ್ಟು ತಪ್ಪಾಯಿತೆಂದರೆ ವಕೀಲರು, "ಏನಮ್ಮಾ, ಮನೇಲಿ ಎಲ್ಲ ಆರಾಮಾ?" ಅಂತ ಕೇಳಿದರು.

ಉಳಿದಿದ್ದದ್ದು ಒಂದೇ ಭಾನುವಾರ. ಅದರ ಹಿಂದಿನ ದಿನ ಮಧ್ಯಾಹ್ನ ಪ್ರಿನ್ಸಿಪಾಲರು ಮನೆಯ ಫೋನಿಗೇ ಮಾಡಿದರು. ಎತ್ತಿದವಳು ಅಜ್ಜಿ. "ಅಮ್ಮಾ, ನಾಳೆ ಸಂಜೆವರೆಗೂ ಕಾಯ್ತೀನಿ. ಅಂಥ ಮೇಷ್ಟ್ರು ನಮಗೆ ಮತ್ತೆ ಸಿಗಲ್ಲ" ಅಂದರಂತೆ. ಅಜ್ಜಿ ಫೋನಿಟ್ಟು ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ನನ್ನನ್ನು ಕರೆದು, "ಅವನು ಸಾಮಾನು ತರೋಕೆ ಹೋದ್ನಾ?" ಅಂದಳು. "ಹೂಂ" ಅಂದೆ. "ನನ್ನ ಕೆಳಗೆ ಕರ್ಕೊಂಡು ಹೋಗು. ಆ ಮುಚ್ಚಳಕ್ಕೆ ಸಾಬೂನು ಮೆತ್ತಿದವಳು ನಾನು, ನಾನೇ ತೆಗೀಬೇಕು."

ವರ್ಷಗಳಿಂದ ಇಳಿಯದ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ನಿಂತು, ಗೋಡೆ ಹಿಡಿದು, "ಅಯ್ಯಮ್ಮಾ" ಅಂತ ಇಳಿದಳು. ಹಾಗಾದರೆ ಮುಂಚೆ ಹೇಗೆ ಇಳಿದಿದ್ದಳು ಅಂತ ಕೇಳಿದೆ. "ಕೂತ್ಕೊಂಡೇ ಇಳಿದೆ ಕಣೆ. ನೀವೆಲ್ಲ ಇಲ್ಲದಾಗ. ಕೂತ್ಕೊಂಡೇ ಹತ್ತಿದೆ" ಅಂದಳು. ಕಾರಿನ ಹಿಂದೆ ನಿಂತು ಮುಚ್ಚಳ ತಿರುಗಿಸಿದಳು. ತುರುಬಿನಿಂದ ಹೇರ್‌ಪಿನ್ನು ತೆಗೆದು ಸಾಬೂನನ್ನು ಕೆರೆದಳು. ನಾನು ಮುಚ್ಚಳ ಹಿಡಿಯಲು ಹೋದರೆ ಬಿಡಲಿಲ್ಲ. ಕೊನೆಗೆ ತೂತನ್ನು ಬಾಯಿಗಿಟ್ಟು ಊದಿ, ಗಾಳಿ ಹೋಗುತ್ತದೆಯೇ ಅಂತ ನೋಡಿದಳು, ಅಜ್ಜ ನೋಡುತ್ತಿದ್ದ ಹಾಗೆ.

"ಕೆಳಗೆ ಸದ್ದೇ ಇಲ್ಲ ಅಂದ್ರೆ ನಂಗೆ ಎದೆ ಒಡೆದುಹೋಗುತ್ತೆ ಅನ್ಕೊಂಡಿದ್ದೆ" ಅಂದಳು. "ಈ ಒಂದು ತಿಂಗಳು ಅವನು ಏನೂ ಆಗದ ಪಂಪನ್ನ ಬಿಚ್ಚಿ ಬಿಚ್ಚಿ ಕೂಡಿಸೋ ಸದ್ದು ಕೇಳಿದೀನಲ್ಲ, ಅದು ಅದಕ್ಕಿಂತ ಕಷ್ಟ. ನನ್ನ ಮಗ ದಡ್ಡನಾಗ್ಬಿಟ್ಟ ಅಂತ ಬೀದಿ ನಗ್ತಿದೆ. ನನ್ನಿಂದ. ನಾಳೆ ಅವನು ದಾಟಿ ಹೋಗ್ಲಿ. ನಾನು ತೆಗೆದೆ ಅಂತ ಅವನಿಗೆ ಹೇಳ್ಬೇಡ, ನನ್ನಾಣೆ."

ಮಗನದೊಂದು ಆಣೆ, ತಾಯಿಯದೊಂದು ಆಣೆ. ಇಬ್ಬರ ನಡುವೆ ನಾನೊಬ್ಬಳು ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಆದರೂ ಅವತ್ತು ನನಗೆ ಸಂತೋಷವಾಯಿತು. ಅಜ್ಜಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಮೇಲೆ ಹತ್ತಿಸಿದೆ.

ಭಾನುವಾರ ನಾನೂ ಹೊರಟೆ. ವಾಪಸ್ ಬಸ್ಸಿಗೆ ಬರುತ್ತೇನೆ ಅಂತ ಅಮ್ಮನಿಗೆ ಮೆತ್ತಗೆ ಹೇಳಿದ್ದೆ. ಊರು ದಾಟಿತು, ಇಟ್ಟಿಗೆ ಗೂಡು ದಾಟಿತು, ಏರು ಬಂತು. ಚಿಕ್ಕಪ್ಪ ಯಾವುದೋ ಹಳೇ ಗಿರಾಕಿಯ ಕತೆ ಹೇಳುತ್ತ ಆರಾಮಾಗಿದ್ದ. ಕ್ವಾರಿ ಕಾಣಿಸಿತು. ಅವನ ಮಾತು ನಿಧಾನವಾಯಿತು. ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೆದ್ದಿತು. ಇಂಜಿನ್ ಮಾತ್ರ ಒಂದೇ ಸಮನೆ ಹಾಡುತ್ತಿತ್ತು. ಹುಣಸೇಮರ ಬಂದಾಗ ಅವನು ಅಭ್ಯಾಸಬಲದಿಂದ ಎಡಕ್ಕೆ ಎಳೆದು ನಿಲ್ಲಿಸಿಯೇಬಿಟ್ಟ. ಇಳಿದು ಹಿಂದೆ ಹೋದ. ಮುಚ್ಚಳ ತಿರುಗಿಸಿದ ಸದ್ದು ಕೇಳಿತು. ಉಸ್ ಅನ್ನಲಿಲ್ಲ.

ಬಹಳ ಹೊತ್ತಾದರೂ ಬರದಿದ್ದಾಗ ಇಳಿದು ಹೋದೆ. ಮುಚ್ಚಳವನ್ನು ಆಕಾಶಕ್ಕೆ ಹಿಡಿದು ತೂತಿನಲ್ಲಿ ನೋಡುತ್ತಿದ್ದ.

"ನೀನಾ?"

"ನಾನಲ್ಲ. ಅಜ್ಜಿ." ಆಣೆ ಗೀಣೆ ಎಲ್ಲ ಹಾಳಾಗಿ ಹೋಗಲಿ ಅನ್ನಿಸಿತು. "ಮೆಟ್ಟಿಲಿಳಿದು ಬಂದು ಅವಳೇ ತೆಗೆದ್ಲು. ನೀನು ದಾಟಿ ಹೋಗ್ಬೇಕಂತೆ."

ಅವನ ಮುಖ ಬಿಳಿಚಿಕೊಂಡಿತು. ಖುಷಿಪಡುತ್ತಾನೆ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು. ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಬಂದು ಕೂತ. ಕಾರು ತಿರುವು ದಾಟಿತು, ನೆತ್ತಿ ದಾಟಿತು, ಆಚೆ ಇಳಿಯಿತು. ಆಚೆ ಬದಿಯ ಗಾಳಿ ಬೇರೆಯೇ ಇತ್ತು. ನಾನು ಕಿಟಕಿ ಪೂರ್ತಿ ಇಳಿಸಿದೆ. ಚಿಕ್ಕಪ್ಪ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಿವಿಯನ್ನು ಇಂಜಿನ್ನಿಗೇ ಕೊಟ್ಟಿದ್ದ. ಎಲ್ಲಾದರೂ ಒಂದು ಕೆಮ್ಮು ಬರುತ್ತದೆಯೇ ಅಂತ ಹುಡುಕುತ್ತಿದ್ದ. ಬರಲಿಲ್ಲ. ಅಷ್ಟೊಂದು ಬಿಚ್ಚಿ ಕೂಡಿಸಿದ ಪಂಪು, ಕಾರ್ಬೊರೇಟರ್, ಹೊಸದಕ್ಕಿಂತ ಚೆನ್ನಾಗಿ ಓಡುತ್ತಿದ್ದವು.

ತರಬೇತಿ ಶಾಲೆಗೆ ದೊಡ್ಡ ಕಬ್ಬಿಣದ ಗೇಟು. ಒಳಗೆ ಉದ್ದನೆಯ ಶೆಡ್ಡು, ಅದರ ಬಾಗಿಲಲ್ಲಿ ಒಂದು ಹಳೇ ಇಂಜಿನ್ನನ್ನು ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಪಕ್ಕದಲ್ಲಿ ಒಂದು ರೂಮು, ಕಿಟಕಿಗೆ ಹೊಸ ಪರದೆ. ವಾಚ್‌ಮನ್ ಹತ್ತಿರ ಬಂದು ಬಗ್ಗಿದ.

"ಯಾರು ಬೇಕಾಗಿತ್ತು ಸರ್?"

ಚಿಕ್ಕಪ್ಪ ಆ ರೂಮಿನ ಕಡೆ ನೋಡಿದ. ತುಟಿ ಅಲ್ಲಾಡಿತು. "ಯಾರೂ ಬೇಡ" ಅಂದ. "ರೇಡಿಯೇಟರಿಗೆ ಸ್ವಲ್ಪ ನೀರು ಬೇಕಿತ್ತು."

ವಾಚ್‌ಮನ್ ಪಾಪ, ಬಕೆಟ್ಟಿನಲ್ಲಿ ನೀರು ತಂದ. ಚಿಕ್ಕಪ್ಪ ಬಾನೆಟ್ ಎತ್ತಿ ಸುರಿದ. ರೇಡಿಯೇಟರ್ ಮೊದಲೇ ತುಂಬಿತ್ತು. ಹಾಕಿದ ನೀರೆಲ್ಲ ಉಕ್ಕಿ ಅವನ ಚಪ್ಪಲಿಯ ಮೇಲೆ, ನೆಲದ ಮೇಲೆ ಹರಿಯಿತು. ಆದರೂ ಬಕೆಟ್ಟು ಖಾಲಿಯಾಗುವವರೆಗೆ ಸುರಿದ. ವಾಚ್‌ಮನ್ ನನ್ನ ಮುಖ ನೋಡಿದ. ನಾನು ಎತ್ತಲೋ ನೋಡಿದೆ.

ವಾಪಸ್ ಗುಡ್ಡ ಹತ್ತುವಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಏನೇನು ಬೈದೆ ಅಂತ ಈಗ ನೆನಪಿಲ್ಲ. ಹೇಡಿ ಅಂದೆ, ಅದು ನೆನಪಿದೆ. ಅಜ್ಜಿ ಆ ಮೊಣಕಾಲಿಟ್ಟುಕೊಂಡು ಇಳಿದು ಬಂದದ್ದು ಇದಕ್ಕೇನಾ ಅಂದೆ. ಅವನು ಎಲ್ಲ ಕೇಳಿಸಿಕೊಂಡ. ನನ್ನ ಉಸಿರು ಮುಗಿದ ಮೇಲೆ ಹೇಳಿದ.

"ಸಾಬೂನು ಇದ್ದಾಗ ಹೋಗೋಕೆ ಎಷ್ಟು ಆಸೆ ಇತ್ತು ಗೊತ್ತಾ ಪುಟ್ಟಿ? ಪ್ರತಿ ಭಾನುವಾರ ಆ ಮರದ ಕೆಳಗೆ ನಿಂತು ಮೊದಲನೇ ಪಾಠ ಹೇಗೆ ಶುರುಮಾಡ್ಬೇಕು ಅಂತ ಯೋಚಿಸ್ತಿದ್ದೆ. ಎಣ್ಣೆ ಡಬ್ಬ ತರಿಸ್ಬೇಕು, ಒಂದು ತೂತು ಹೊಡೀಬೇಕು, ಏನಾಗುತ್ತೆ ಅಂತ ಹುಡುಗರನ್ನೇ ಕೇಳ್ಬೇಕು." ಗೇರ್ ಬದಲಾಯಿಸಿದ. "ಇವತ್ತು ಆ ಗೇಟಿನ ಮುಂದೆ ನಿಂತಾಗ, ಒಳಗೆ ಹೋದ್ರೆ ಸಂಜೆ ಯಾರನ್ನ ಕೂಗ್ಲಿ ಅಂತ ಅನ್ನಿಸ್ತು. ಅಷ್ಟೇ. ಬೇರೆ ಏನೂ ತಲೆಗೆ ಬರ್ಲಿಲ್ಲ."

ನಾನು ಕಿಟಕಿ ಮೇಲೇರಿಸಿದೆ. ಕ್ವಾರಿ ತಿರುವು ಬಂತು, ಹುಣಸೇಮರ ಹಿಂದೆ ಹೋಯಿತು. ಕಾರು ನಿಲ್ಲಲಿಲ್ಲ.

ನಾವು ಬೀದಿಗೆ ತಿರುಗಿದಾಗ ಹೊತ್ತು ಇಳಿಯುತ್ತಿತ್ತು. ಬೇಕರಿಯವನು ಅಂಗಡಿಯಿಂದ ಕೈಯೆತ್ತಿ, "ಏನ್ ಮೇಷ್ಟ್ರೇ, ಇವತ್ತೂ ನಿಂತ್ಲಾ ನಿಮ್ಮ ರಾಣಿ?" ಅಂತ ಕೂಗಿದ. ಚಿಕ್ಕಪ್ಪ, "ನಿಂತ್ಲಪ್ಪಾ" ಅಂದ. ನಾನು ಮೆಟ್ಟಿಲು ಹತ್ತಿ ಓಡಿದೆ.

ಅಜ್ಜಿ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಚಿಕ್ಕಪ್ಪನ ಹಳೇ ಸ್ವೆಟರ್ ಮಡಿಸಿಟ್ಟಿತ್ತು, ಯಾರ ಕೈಯಲ್ಲಾದರೂ ಕಳಿಸೋಣ ಅಂತ ಅಮ್ಮನಿಗೆ ಹೇಳಿದ್ದಳಂತೆ. ಕಾರು ಬಂದ ಸದ್ದನ್ನು ಅವಳು ಬೀದಿಯ ತುದಿಯಿಂದಲೇ ಕೇಳಿದ್ದಳು. ಅವಳ ಕಿವಿಗೆ ಯಾರೂ ಮೋಸ ಮಾಡಲಾರರು.

"ಒಂದು ಕೆಮ್ಮೂ ಇರ್ಲಿಲ್ಲ" ಅಂದಳು. "ಎಲ್ಲೀವರೆಗೆ ಹೋಗಿದ್ರಿ?"

ಸುಳ್ಳು ಹೇಳಬೇಕೆಂದುಕೊಂಡೆ, ಬರಲಿಲ್ಲ. "ಗೇಟಿನವರೆಗೆ, ಅಜ್ಜಿ."

ಅವಳು ಸ್ವೆಟರಿನ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡಿದಳು. ಮಗ ವಾಪಸ್ ಬಂದ ಅಂತ ಅವಳ ಮುಖ ಅರಳುತ್ತದೆ ಅಂತ ನಾನು ಎಲ್ಲೋ ಒಂದು ಕಡೆ ಕಾದಿದ್ದೆ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. "ನಾನು ತೆಗೆದಿದ್ದೆ ಕಣೆ" ಅಂದಳು. "ಪೂರ್ತಿ ತೆಗೆದಿದ್ದೆ. ಊದಿ ನೋಡಿದ್ದೆ." ಇಷ್ಟನ್ನೇ ಎರಡು ಮೂರು ಸಲ ಹೇಳಿದಳು.

ಕೆಳಗೆ ಡಿಕ್ಕಿ ತೆರೆದ ಸದ್ದು, ಉಪಕರಣದ ಪೆಟ್ಟಿಗೆ ನೆಲಕ್ಕಿಟ್ಟ ಸದ್ದು ಕೇಳಿತು. ಸ್ಪ್ಯಾನರುಗಳು ಒಂದೊಂದಾಗಿ ಗೋಡೆಯ ಮೊಳೆಗೆ ವಾಪಸ್ ಸೇರಿದವು. ನಲ್ಲಿ ತಿರುಗಿತು.

"ಅಮ್ಮಾ, ಸಾಬೂನು!"

ಅಜ್ಜಿ ಅಲುಗಾಡಲಿಲ್ಲ. ಬುಟ್ಟಿ ಅವಳ ಕಾಲ ಬಳಿಯೇ ಇತ್ತು, ಸಾಬೂನು ಅದರೊಳಗೇ ಇತ್ತು. ಅವನು ಮತ್ತೊಮ್ಮೆ ಕೂಗಿದ, ಸ್ವಲ್ಪ ಜೋರಾಗಿ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ನಾನೇ ಬುಟ್ಟಿಯನ್ನು ಕಿಟಕಿಯಿಂದ ಇಳಿಬಿಟ್ಟೆ.